ಮೂರು ದೀಪದ ಲೆಕ್ಕ

ಹೊಸರಿತ್ತಿಯ ಸುತ್ತ, ವರದಾ ದಂಡೆಯ ಹೊಲಗಳಲ್ಲಿ, ಪಂಪ್‌ಸೆಟ್ ಪೆಟ್ಟಿಗೆಯ ಮೇಲೆ ಮೂರು ದೀಪ ಇರುತ್ತವೆ: ಕೆಂಪು, ಹಳದಿ, ನೀಲಿ. ರೈತ ಮೊದಲು ದೀಪ ನೋಡುತ್ತಾನೆ, ಆಮೇಲೆ ಗುಂಡಿಗೆ ಕೈ ಹಾಕುತ್ತಾನೆ. ಒಂದು ಮಂಕಾಗಿದ್ದರೆ ‘ಒಂದ್ ಫೇಸ್ ಹೋಗೇತಿ’ ಎಂದು ಮನೆಗೆ ತಿರುಗುತ್ತಾನೆ. ಹಟ ಮಾಡಿ ಚಾಲೂ ಮಾಡಿದರೆ ಮೋಟರಿನ ವೈಂಡಿಂಗ್ ಸುಡುತ್ತದೆ. ಇಲ್ಲಿ ಕೆಂಪೆಂದರೆ ಅಪಾಯವಲ್ಲ. ಕೆಂಪು ಉರಿದರೂ ಒಳ್ಳೆಯದೇ. ಬಣ್ಣ ಬರೀ ಹೆಸರು, ಸುದ್ದಿ ಇರುವುದು ಯಾವುದು ಉರಿಯುತ್ತಿದೆ ಎಂಬುದರಲ್ಲಿ.

ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರ್ ರೇಡಿಯೊಗಳ ಪರದೆ ನೋಡಿದಾಗಲೆಲ್ಲ ನನಗೆ ಈ ಪೆಟ್ಟಿಗೆ ನೆನಪಾಗುತ್ತದೆ. ಅದಕ್ಕೂ ಮುಂಚೆ ನೆನಪಾಗುವುದು ವಾಲ್ವ್ ರೇಡಿಯೊದ ಹಸಿರು ಕಣ್ಣು. 1935ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ತಂದ ‘ಮ್ಯಾಜಿಕ್ ಐ’ ಕೊಳವೆ ಅದು. ಸ್ಟೇಷನ್ ಸರಿಯಾಗಿ ಸಿಕ್ಕಷ್ಟೂ ಹಸಿರಿನ ನಡುವಿನ ನೆರಳು ಕಿರಿದಾಗುತ್ತಿತ್ತು. ಚೆಂದದ ವಸ್ತು, ಆದರೆ ಅದಿಲ್ಲದಿದ್ದರೂ ನಡೆಯುತ್ತಿತ್ತು. 1950ರ ಜನವರಿಯಲ್ಲಿ ಶುರುವಾದ ಆಕಾಶವಾಣಿ ಧಾರವಾಡವನ್ನು ಹಿಡಿಯುವವರಿಗೆ ಕಿವಿಯೇ ಸಾಕಿತ್ತು: ಗೊರಗೊರ ಹೆಚ್ಚಿದರೆ ಮುಳ್ಳು ಸರಿಸು, ಪಕ್ಕದ ಹೊಲದ ಮೋಟರ್ ಚಾಲೂ ಆದರೆ ಕರಕರ. ಅನಲಾಗ್‌ನಲ್ಲಿ ಕೆಡುಕು ತಾನೇ ಬಾಯಿಬಿಟ್ಟು ಹೇಳುತ್ತಿತ್ತು.

ಡಿಜಿಟಲ್ ಹಾಗಲ್ಲ. ಪ್ರಸಾರ ಭಾರತಿ ದೇಶದ 35 ಮಧ್ಯಮ ತರಂಗ ಪ್ರೇಷಕಗಳನ್ನು ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರ ಪದ್ಧತಿಗೆ ಸಜ್ಜುಗೊಳಿಸಿದಾಗ ಧಾರವಾಡ, ಬೆಂಗಳೂರು ಎರಡೂ ಆ ಪಟ್ಟಿಯಲ್ಲಿದ್ದವು. ಡಿಆರ್‌ಎಂ ಕೆಟ್ಟರೆ ಗೊರಗೊರ ಇಲ್ಲ. ತುಂಡು ತುಂಡು ಮಾತು, ಆಮೇಲೆ ಮೌನ. ಆಂಟೆನಾ ಕಿತ್ತಿದೆಯೋ, ಸಂಕೇತ ಸಾಲದೋ, ಕಂಪ್ಯೂಟರ್‌ಗೆ ದಾರಿ ತಪ್ಪಿದೆಯೋ, ಕಿವಿಗೆ ಎಲ್ಲವೂ ಒಂದೇ ಮೌನ. ದೀಪ ಬೇಕಾಗುವುದು ಇಲ್ಲಿ.

ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದ್ದು ‘ಡ್ರೀಮ್’. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಫೋಲ್ಕರ್ ಫಿಶರ್ ಮತ್ತು ಅಲೆಕ್ಸಾಂಡರ್ ಕುರ್ಪಿಯರ್ಸ್ ಶುರುಮಾಡಿದ ಮುಕ್ತ ತಂತ್ರಾಂಶ. ಅದರ ಪರೀಕ್ಷಾ ಕಿಟಕಿಯಲ್ಲಿ ಪುಟ್ಟ ದೀಪಗಳ ಸಾಲಿದೆ: ಸಂಕೇತ ಕಂಪ್ಯೂಟರಿನೊಳಗೆ ತುಂಡಾಗದೆ ಬರುತ್ತಿದೆಯೇ, ಕಾಲ ಹೊಂದಿತೇ, ಚೌಕಟ್ಟು ಹೊಂದಿತೇ, ಮುಂದೆ ಎಫ್‌ಎಸಿ, ಎಸ್‌ಡಿಸಿ, ಎಂಎಸ್‌ಸಿ ಎಂಬ ಮೂರು ವಾಹಿನಿಗಳು. ಎಫ್‌ಎಸಿಯಲ್ಲಿ ಪ್ರಸಾರದ ಮೂಲ ವಿವರ. ಪ್ರತಿ 400 ಮಿಲಿಸೆಕೆಂಡಿಗೊಮ್ಮೆ, ಗಟ್ಟಿ ರಕ್ಷಣೆಯೊಡನೆ ಬರುತ್ತದೆ. ಮಾತು, ಹಾಡು ಇರುವುದು ಎಂಎಸ್‌ಸಿಯಲ್ಲಿ. ತುಂಬ ಮಾಹಿತಿ ಹೊರುವುದರಿಂದ ಮೊದಲು ಕುಸಿಯುವುದೂ ಅದೇ. ಧ್ವನಿಯ ತುಣುಕುಗಳಲ್ಲಿ ಕೆಲವಷ್ಟೇ ಕೆಟ್ಟರೆ ಅದರ ದೀಪ ಹಳದಿ.

ಇದರ ಜಾಣತನ ಬಣ್ಣದಲ್ಲಿಲ್ಲ, ಸಾಲಿನಲ್ಲಿದೆ. ಕೆಳಗಿನ ಮೆಟ್ಟಿಲುಗಳು ಹಸಿರು, ಎಂಎಸ್‌ಸಿ ಮಾತ್ರ ಕೆಂಪು ಎಂದರೆ ‘ಸ್ಟೇಷನ್ ಇದೆ, ಬಲ ಸಾಲದು, ಆಂಟೆನಾ ಸರಿಸು’ ಎಂದು ಓದಬಹುದು. ಮೊದಲ ದೀಪವೇ ಕೆಂಪಾದರೆ ಆಂಟೆನಾ ತಂಟೆಗೆ ಹೋಗಬೇಡ, ಕಂಪ್ಯೂಟರ್ ನೋಡು. ಎಲ್ಲಿ ಏಣಿ ಮುರಿದಿದೆ ಎಂದು ಹೇಳುವ ಇಂಥ ದೀಪಗಳು ಬೇರೆ ಕಡೆ ಅಪರೂಪ.

ಆದರೂ ಎರಡು ತಕರಾರು. ಕೆಂಪು–ಹಸಿರು ಬೇರ್ಪಡಿಸಲು ಕಷ್ಟಪಡುವ ಗಂಡಸರು ನೂರಕ್ಕೆ ಎಂಟರಷ್ಟಿದ್ದಾರೆ ಎಂಬುದು ಯುರೋಪಿನ ಲೆಕ್ಕ. ಅವರಲ್ಲಿ ಕೆಲವರಿಗೆ ಇವೆಲ್ಲ ಒಂದೇ ಬಣ್ಣದ ಚುಕ್ಕೆ. ಎರಡನೆಯದು, ದೀಪಕ್ಕೆ ನೆನಪಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಹತ್ತು ಸಲ ಕೆಂಪಾಗಿ ಮತ್ತೆ ಹಸಿರಾದರೆ, ನೋಡುವವನಿಗೆ ಎಲ್ಲ ಸೊಗಸು. ಕೆಂಪಾಗಿದ್ದ ಗುರುತು ನಾವಾಗಿ ಅಳಿಸುವವರೆಗೆ ಉಳಿಯಬೇಕಿತ್ತು. ಇತಿಹಾಸದ ನಕ್ಷೆಯನ್ನು ಬೇರೆಯಾಗಿ ತೆರೆಯಬಹುದು ನಿಜ, ಆದರೆ ದೀಪದ ಕೆಲಸ, ಮೋಟರ್ ಪೆಟ್ಟಿಗೆಯಲ್ಲಿರುವಂತೆ, ಒಂದೇ ನೋಟಕ್ಕೆ ಹೇಳುವುದು.

ಉಳಿದ ಸಾಫ್ಟ್‌ವೇರ್ ರೇಡಿಯೊಗಳ ಪಾಡು ಇನ್ನೂ ತೆಳು. ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಆರ್‌ಟಿಎಲ್ ರೇಡಿಯೊ ಡಾಂಗಲ್‌ನ ಚಿಪ್ ಸಂಕೇತವನ್ನು ಎಂಟೇ ಬಿಟ್ಟಿನಲ್ಲಿ ಅಳೆಯುತ್ತದೆ. ಹತ್ತಿರದ ದೊಡ್ಡ ಸ್ಟೇಷನ್ ಬಂದರೆ ಅಳತೆಯ ಬಟ್ಟಲು ತುಂಬಿ ಚೆಲ್ಲಿ, ಇಲ್ಲದ ಜಾಗದಲ್ಲೆಲ್ಲ ದೆವ್ವದಂಥ ಸ್ಟೇಷನ್‌ಗಳು ಏಳುತ್ತವೆ. ಆಗ ಬಲಮಾಪಕದ ಪಟ್ಟಿ ಮಾತ್ರ ‘ಭರ್ಜರಿ’ ಎಂದು ಮೇಲೇರಿ ನಿಂತಿರುತ್ತದೆ. ಹೆಚ್ಚಾಯಿತು ಎನ್ನುವ ದೀಪ ಇಲ್ಲದ ಕಡೆ, ಹೆಚ್ಚಾದಷ್ಟೂ ಒಳ್ಳೆಯದು ಎನ್ನುವ ಪಟ್ಟಿ ಸುಳ್ಳುಗಾರ. ಜಿಎನ್‌ಯು ರೇಡಿಯೊ ಎಂಬ ತಂತ್ರಾಂಶದ ಜೊತೆ ಯುಎಸ್‌ಆರ್‌ಪಿ ರೇಡಿಯೊ ಯಂತ್ರ ಬಳಸುವವರಿಗೆ ಇನ್ನೊಂದು ತಮಾಷೆ ಗೊತ್ತು: ಕಂಪ್ಯೂಟರ್ ಹಿಂದುಳಿದು ಸಂಕೇತದ ಮಾದರಿಗಳು ಉದುರಿದಾಗ ಟರ್ಮಿನಲ್‌ನಲ್ಲಿ ಒಂದು ‘ಓ’ ಅಕ್ಷರ ಬೀಳುತ್ತದೆ. ಟರ್ಮಿನಲ್ ಮುಚ್ಚಿಟ್ಟವನಿಗೆ ಅದೂ ಇಲ್ಲ. ಈಗ ಜಿಎನ್‌ಯು ರೇಡಿಯೊದಲ್ಲಿ ದೀಪದ ಬ್ಲಾಕ್ ಕೂಡ ಸಿಗುತ್ತದೆ, ಆದರೆ ಯಾವ ಅರ್ಥಕ್ಕೆ ಅದನ್ನು ಹೊತ್ತಿಸಬೇಕು ಎಂಬುದು ಕಟ್ಟುವವನಿಗೇ ಬಿಟ್ಟದ್ದು. ಕಟ್ಟುವವನು ಸಾಮಾನ್ಯವಾಗಿ ಹೊತ್ತಿಸುವುದು ‘ಚಾಲೂ ಇದೆ’ ಎಂಬ ಹಸಿರು. ಚಾಲೂ ಇರುವುದು ಕೇಳುಗನಿಗೆ ಮೊದಲೇ ಗೊತ್ತು.

ಹೊಸರಿತ್ತಿಯ ಪೆಟ್ಟಿಗೆಯಲ್ಲಿ ‘ಮೋಟರ್ ಓಡುತ್ತಿದೆ’ ಎನ್ನುವ ದೀಪಕ್ಕಿಂತ ಆ ಮೂರನ್ನೇ ಜನ ನಂಬುತ್ತಾರೆ. ಓಡುತ್ತಿದೆಯೋ ಇಲ್ಲವೋ ಎನ್ನುವುದನ್ನು ಕಾಲುವೆಗೆ ಬೀಳುವ ನೀರೇ ಹೇಳುತ್ತದಲ್ಲ.