ಬಿದಿರು, ಬ್ಯಾಂಬೂ, ಬಿದ್ರಿ

ಇಂಗ್ಲಿಷಿನ ‘ಬ್ಯಾಂಬೂ’ ಕನ್ನಡದಿಂದ ಹೋದ ಶಬ್ದವೆಂದು ನಮ್ಮಲ್ಲಿ ಹಲವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ನಾನೂ ಹಾಗೆ ನಂಬಿದ್ದವನೇ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟನ್ನು ತೆರೆದು ನೋಡಿದ ಮೇಲೆ ಆ ಹೆಮ್ಮೆ ಸಡಿಲವಾಯಿತು. ವಿಲ್ಸನ್ ಅದನ್ನು ಕನ್ನಡವೆಂದರೆ ಮಾರ್ಸ್‌ಡನ್ ಮಲಾಯ್ ಭಾಷೆಯದೆನ್ನುತ್ತಾನೆ. ಇಂಗ್ಲಿಷಿಗೆ ಅದು ಪೋರ್ಚುಗೀಸರ ಮೂಲಕ ಬಂದಿರಬೇಕೆಂಬುದು ನಿಘಂಟುಕಾರರ ಊಹೆ. ಇಷ್ಟು ದಾರಿಗಳು ಕೂಡಿದ ಜಾಗಕ್ಕೆ ನಮ್ಮದೆಂದು ಬೇಲಿ ಹಾಕುವುದು ಸಲ್ಲದು.

ಕನ್ನಡದ್ದೆನ್ನಲು ಇದಕ್ಕಿಂತ ಹೆಚ್ಚು ಆಧಾರವುಳ್ಳ ಶಬ್ದವೊಂದು ಅದೇ ಗ್ರಂಥದಲ್ಲಿದೆ: ‘ಬಿದ್ರಿ’. ಬೀದರ್ ಎಂಬ ಊರ ಹೆಸರಿಗೆ ಪಾರಸಿಯ ಸಂಬಂಧವಾಚಕ ‘ಈ’ ಸೇರಿ ಅದಾಯಿತು. ಬೀದರ್ ಎಂದರೇನು? ವಿದುರನ ನಗರವೆಂಬ ಕಥೆಯಿದೆ. ಹಾಗಾದರೆ ಮೂಡಬಿದಿರೆ, ಬಿದರಹಳ್ಳಿ, ಬಿದರಕುಂದಿಗಳಲ್ಲೆಲ್ಲ ವಿದುರ ಬಿಡಾರ ಮಾಡಿದ್ದನೆ? ತಮಿಳಿನ ‘ವೆದಿರ್’, ತೆಲುಗಿನ ‘ವೆದುರು’, ನಮ್ಮ ‘ಬಿದಿರು’ ಒಂದೇ ಮೆಳೆಯವು. ‘ವಿಲ್’ ಬಿಲ್ಲಾದಂತೆ, ‘ವೇರ್’ ಬೇರಾದಂತೆ, ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗಿದೆ. ಬೀದರಿನ ‘ಬೀ’ ದೀರ್ಘವಲ್ಲವೆ ಎಂದು ವಾಚಕರು ಕೇಳಬಹುದು. ನಿಜ; ಆದರೆ ಕಸುಬಿನ ಹೆಸರಿನಲ್ಲಿ ಹ್ರಸ್ವವೇ ಉಳಿದಿದೆ.

ಕನ್ನಡದ ಊರಿಗೆ ಪಾರಸಿಯ ಬಾಲ ಹೇಗೆ ಹತ್ತಿತೆಂದು ಆ ಸೀಮೆಯಲ್ಲಿ ಅಡ್ಡಾಡಿದವರು ಕೇಳಲಾರರು. ಭಾಲ್ಕಿ, ಔರಾದಗಳ ಸಂತೆಗಳಲ್ಲಿ ನಾನು ನಿಂತು ಆಲಿಸಿದ್ದೇನೆ. ಕನ್ನಡದಲ್ಲಿ ತೊಡಗಿದ ಚೌಕಾಸಿ ಮರಾಠಿಯಲ್ಲಿ ಬೆಳೆದು ಉರ್ದುವಿನಲ್ಲಿ ಮುಗಿಯುತ್ತದೆ. ಯಾರಿಗೂ ಅದು ವಿಶೇಷವೆನಿಸುವುದಿಲ್ಲ.

ಇಷ್ಟಾಗಿ ‘ಹಾಬ್ಸನ್-ಜಾಬ್ಸನ್’ ಕೂಡ ನಿರ್ದೋಷವಲ್ಲ. ಬಿದ್ರಿಯ ಲೋಹ ಪ್ಯೂಟರ್, ಎಂದರೆ ತವರ ಪ್ರಧಾನವಾದ ಮಿಶ್ರಲೋಹ, ಎಂದು ಅದು ಬರೆದಿದೆ. ಬೀದರಿನ ಕುಶಲಕರ್ಮಿ ಎರಕ ಹೊಯ್ಯುವುದು ಬಹುಪಾಲು ಸತುವಿಗೆ ತುಸು ತಾಮ್ರ ಬೆರೆಸಿ. ಬೆಳ್ಳಿಯನ್ನು ಕೂರಿಸಿದ ಮೇಲೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ತಿಕ್ಕಿದಾಗ ಸತು ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಶಬ್ದದ ಊರನ್ನು ಸರಿಯಾಗಿ ಹೇಳಿದ ಪಂಡಿತರು ಆ ಊರಿನ ಕುಲುಮೆಯವನನ್ನು ಕೇಳಿದ್ದರೆ ವಸ್ತುವಿನಲ್ಲಿ ಎಡವುತ್ತಿರಲಿಲ್ಲ.

15ನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರು ಅದನ್ನು ಮುಹಮ್ಮದಾಬಾದ್ ಎಂದು ಕರೆದರು. ನಾಣ್ಯಗಳ ಮೇಲೂ ಆ ಹೆಸರನ್ನೇ ಒತ್ತಿಸಿದರು. ಆ ನಾಣ್ಯಗಳನ್ನು ಇಂದು ಸಂಗ್ರಹಾಲಯಗಳಲ್ಲಿ ಹುಡುಕಬೇಕು. ಹೂಜಿ, ಹುಕ್ಕಾಗಳ ಮೇಲೇರಿ ಲಂಡನ್ನಿನ ನಿಘಂಟುಗಳವರೆಗೆ ನಡೆದುಹೋದದ್ದು ಜನರ ಬಾಯಲ್ಲಿದ್ದ ಬಿದಿರಿನ ಹೆಸರು. ‘ಬ್ಯಾಂಬೂ’ವನ್ನು ನಾವು ಬಿಟ್ಟುಕೊಟ್ಟರೂ ಚಿಂತೆಯಿಲ್ಲ; ಇದನ್ನು ಮರೆಯಬಾರದು.