ಫಾರ್ಮ್ಯಾಟ್ ಮಾಡದೆ ಹೊಸ ಆವೃತ್ತಿಗೆ

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿಯಿರಿ, ಪಶ್ಚಿಮಕ್ಕೆ ಇಳಿಯಿರಿ, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ‘ಲಿನಕ್ಸ್ ಹಳೆಯದಾಯಿತು, ಹೊಸ ಆವೃತ್ತಿ ಬೇಕು’ ಎಂದರೆ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಮಾರೂನ್ ದೇತೋ, ಕಾಕಾ’, ಅಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ. ಕಲ್ಯಾಣದಲ್ಲೂ ಥಾಣೆಯಲ್ಲೂ ವಾಶಿಯಲ್ಲೂ ಇದೇ ಮಾತು. ಅಂಗಡಿಯವನಿಗೆ ಅದು ಬೇಗ ಮುಗಿಯುವ, ಕೈಕೊಡದ ಕೆಲಸ. ಮನೆಯವರಿಗೆ ಹಾಗಲ್ಲ. ವರ್ಷಗಟ್ಟಲೆ ಒಂದೊಂದಾಗಿ ಕೂಡಿಸಿಕೊಂಡ ಅಕ್ಷರಶೈಲಿಗಳು, ಕೀಲಿಮಣೆಯ ಹೊಂದಾಣಿಕೆ, ಕಷ್ಟಪಟ್ಟು ಒಲಿಸಿಕೊಂಡ ಪ್ರಿಂಟರ್, ಬ್ರೌಸರಿನಲ್ಲಿ ಉಳಿಸಿಟ್ಟ ಗುರುತುಗಳು ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟರಾಯಿತು ಎನ್ನುವವರು ಈ ಉಳಿದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಮ್ಮ ಊರುಗಳ ಹಳೆಯ ಸೊಸೈಟಿಗಳ ಮುಂದೆ ಎರಡು ದಾರಿಗಳಿರುತ್ತವೆ. ಎಲ್ಲರನ್ನೂ ಹೊರಗೆ ಕಳಿಸಿ ರೀಡೆವಲಪ್‌ಮೆಂಟ್ ಮಾಡುವುದು ಒಂದು. ಜನ ಒಳಗಿದ್ದಂತೆಯೇ ಪೈಪು, ತೊಲೆ, ವೈರಿಂಗ್ ಬದಲಿಸುವುದು ಇನ್ನೊಂದು. ಲಿನಕ್ಸಿನ ಅಪ್‌ಗ್ರೇಡ್ ಎರಡನೆಯ ಜಾತಿಯದು. ಯಂತ್ರ ಓಡುತ್ತಿರುವಂತೆಯೇ ಅದರ ಸಾವಿರಾರು ಪ್ಯಾಕೇಜುಗಳನ್ನು ಬದಲಿಸಿ ಹೊಸ ಆವೃತ್ತಿಯಾಗಿ ಎಬ್ಬಿಸುವುದು ಸಣ್ಣ ಮಾತಲ್ಲ. ಮನೆಯ ಡೆಸ್ಕ್‌ಟಾಪಿಗೆ ಇದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ. ಅದಕ್ಕಾಗಿಯೇ ಇದರ ಕೊರತೆಗಳನ್ನೂ ಬಿಡಿಸಿ ಹೇಳಬೇಕಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಕೂರದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸಿಕೊಂಡವರಲ್ಲಿ ತಂತ್ರಜ್ಞರಲ್ಲದವರೂ ಇದ್ದಾರೆ. ಇಂದಲ್ಲ ನಾಳೆ ಅವರೆಲ್ಲರ ಪರದೆಯ ಮೇಲೂ ‘ಹೊಸ ಆವೃತ್ತಿ ಲಭ್ಯವಿದೆ’ ಎಂಬ ಸೂಚನೆ ಮೂಡುತ್ತದೆ.

ಈ ಪದ್ಧತಿಯ ಮೂಲ ಡೆಬಿಯನ್ ಎಂಬ ಲಿನಕ್ಸ್ ವಿತರಣೆ. 2023ರ ಜೂನ್‌ನಲ್ಲಿ ಬಂದ ಆವೃತ್ತಿ 12ರಿಂದ 2025ರ ಆಗಸ್ಟ್‌ನಲ್ಲಿ ಬಂದ 13ಕ್ಕೆ ಹೋಗುವುದು ಹೇಗೆಂದು ಅದರ ಬಿಡುಗಡೆ ಟಿಪ್ಪಣಿ ಹೇಳುವ ರೀತಿಯನ್ನು ಒಮ್ಮೆ ಓದಿ ನೋಡಬೇಕು. ತಾಂತ್ರಿಕ ಬರವಣಿಗೆ ಇಷ್ಟು ಜವಾಬ್ದಾರಿಯಿಂದ ಇರುವುದು ಅಪರೂಪ. ಮೊದಲು ಎಲ್ಲದರ ಪ್ರತಿ ತೆಗೆದಿಡಿ ಎನ್ನುತ್ತದೆ. ಪರದೆಯ ಮೇಲೆ ಓಡುವುದನ್ನೆಲ್ಲ ‘ಸ್ಕ್ರಿಪ್ಟ್’ ಎಂಬ ಆದೇಶದಿಂದ ದಾಖಲಿಸಿಕೊಳ್ಳಿ, ಎಡವಟ್ಟಾದರೆ ಏನಾಯಿತೆಂದು ಹೇಳಲು ಬರುತ್ತದೆ ಎನ್ನುತ್ತದೆ. ಹೊಸ ಪ್ಯಾಕೇಜು ಸೇರಿಸದೆ ಇರುವುದನ್ನಷ್ಟೇ ಮೊದಲು ಏರಿಸಿ, ಪೂರ್ಣ ಅಪ್‌ಗ್ರೇಡ್ ಆಮೇಲೆ ಮಾಡಿ ಎಂದು ಕೆಲಸವನ್ನು ಎರಡು ಹೆಜ್ಜೆಯಾಗಿ ಒಡೆಯುತ್ತದೆ. ಯಾವುದು ಕೆಡಬಹುದೆಂದು ಮೊದಲೇ ಹೇಳಿಬಿಡುವ ಈ ಪ್ರಾಮಾಣಿಕತೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಉಬುಂಟು ಎಂಬ ಇನ್ನೊಂದು ವಿತರಣೆ ಇದನ್ನೇ ಒಂದು ಗುಂಡಿಗೆ ಇಳಿಸಿದೆ. ಎರಡು ವರ್ಷಕ್ಕೊಮ್ಮೆ ಬರುವ, ದೀರ್ಘಕಾಲ ಬೆಂಬಲವಿರುವ ಎಲ್‌ಟಿಎಸ್ ಆವೃತ್ತಿಯನ್ನು ಹಿಂದಿನ ಎಲ್‌ಟಿಎಸ್ ಬಳಸುವವರಿಗೆ ಅದು ಬಂದ ದಿನವೇ ನೀಡುವುದಿಲ್ಲ, ಮೊದಲ ಪರಿಷ್ಕರಣೆ ಬರುವವರೆಗೆ ತಡೆಹಿಡಿಯುತ್ತದೆ. ಈ ತಾಳ್ಮೆಯ ಬೆಲೆ 2024ರಲ್ಲಿ ಗೊತ್ತಾಯಿತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದಲ್ಲಿ ಯಾರೋ ಹುದುಗಿಸಿದ್ದ ಹಿಂಬಾಗಿಲನ್ನು ಆಂಡ್ರೆಸ್ ಫ್ರಾಯಿಂಡ್ ಪತ್ತೆಹಚ್ಚಿದರು. ಉಬುಂಟು ತನ್ನ ಪ್ಯಾಕೇಜುಗಳನ್ನು ಮತ್ತೆ ಕಟ್ಟಿ, ಬರಲಿದ್ದ 24.04ರ ಬೀಟಾವನ್ನು ಒಂದು ವಾರ ಮುಂದೂಡಿತು. 2038ರ ಕಾಲಗಣನೆಯ ಸಮಸ್ಯೆಗೆಂದು ನೂರಾರು ಲೈಬ್ರರಿಗಳ ಹೆಸರನ್ನೇ ಬದಲಿಸಿದ್ದೂ ಅದೇ ಆವೃತ್ತಿಯಲ್ಲಿ. ಏಪ್ರಿಲ್ 25ಕ್ಕೆ 24.04 ಬಂತು. ಆಗಸ್ಟ್ 15ಕ್ಕೆ ಬರಬೇಕಿದ್ದ 24.04.1 ಬಂದದ್ದು 29ಕ್ಕೆ. ಆಮೇಲೂ ಪ್ಯಾಕೇಜುಗಳ ಲೆಕ್ಕ ಹಾಕುವ ಭಾಗದಲ್ಲಿ ದೋಷ ಕಂಡು, 22.04ರಿಂದ ಏರುವ ದಾರಿಯನ್ನು ಕೆಲಕಾಲ ಮುಚ್ಚಿದರು. ಇದನ್ನು ಅವಮಾನವೆಂದು ಬರೆದವರಿದ್ದಾರೆ. ನನ್ನ ಮಟ್ಟಿಗೆ ಅದು ಈ ಪದ್ಧತಿಯ ಒಳ್ಳೆಯ ಗಳಿಗೆ. ಬಾಗಿಲು ತೆರೆದೇ ಇಟ್ಟಿದ್ದರೆ ಪೆಟ್ಟು ಬೀಳುತ್ತಿದ್ದುದು ಮನೆಯ ಯಂತ್ರಗಳಿಗೆ.

ಇನ್ನು ಅಪ್‌ಗ್ರೇಡ್ ನಡೆಯುವ ಹೊತ್ತಿಗೆ ಬರೋಣ. ಬೇಕಾದ ಫೈಲುಗಳೆಲ್ಲ ಇಳಿದು, ಅರ್ಧ ದಾರಿ ಸಾಗಿದ ಮೇಲೆ ಟರ್ಮಿನಲ್ ತಟ್ಟನೆ ನಿಲ್ಲುತ್ತದೆ. ‘ಈಟಿಸಿ’ ಕಡತಕೋಶದ ಯಾವುದೋ ಒಂದು ಸೆಟ್ಟಿಂಗ್ ಫೈಲಿನ ಹೆಸರು ಹೇಳಿ, ಇದನ್ನು ನೀವು ಬದಲಿಸಿದ್ದೀರಿ, ಹೊಸ ಪ್ರತಿಯೂ ಬಂದಿದೆ, ಏನು ಮಾಡಲಿ ಎಂದು ಕೇಳುತ್ತದೆ. ವೈ ಅಥವಾ ಐ ಒತ್ತಿದರೆ ಹೊಸದು, ಎನ್ ಅಥವಾ ಓ ಒತ್ತಿದರೆ ನಿಮ್ಮದು, ಡಿ ಒತ್ತಿದರೆ ಎರಡರ ವ್ಯತ್ಯಾಸ, ಝಡ್ ಒತ್ತಿದರೆ ಹೊರಗೆ ಹೋಗಿ ನೋಡಿಬರಬಹುದು. ಏನೂ ಹೇಳದೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಈ ಕೊನೆಯ ನಿಯಮದ ಹಿಂದಿನ ಗೌರವ ನನಗೆ ಬಹಳ ಇಷ್ಟ. ಯಂತ್ರದ ಒಡೆಯನ ಕೈಯಲ್ಲಿ ಬರೆದದ್ದನ್ನು ಅವನ ಒಪ್ಪಿಗೆಯಿಲ್ಲದೆ ಅಳಿಸುವುದಿಲ್ಲ ಎಂಬ ನಿಷ್ಠೆ ಅದು. ಆದರೆ ಪ್ರಶ್ನೆ ಬರುವ ಗಳಿಗೆ ಕೆಟ್ಟದ್ದು. ಅರ್ಧ ಹಳತು ಅರ್ಧ ಹೊಸತು ಆಗಿರುವ ಯಂತ್ರದ ಮುಂದೆ ಕುಳಿತ ಮನುಷ್ಯ ನಿಧಾನವಾಗಿ ಯೋಚಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಬದಲಾದ ಫೈಲುಗಳ ಪಟ್ಟಿ ಮೊದಲೇ ಕೈಗೆ ಸಿಕ್ಕಿದ್ದರೆ ಅದನ್ನು ಶಾಂತವಾಗಿ ನೋಡಬಹುದಿತ್ತು.

ಅದಕ್ಕಿಂತ ದೊಡ್ಡ ಕೊರತೆ ಭಾಷೆಯದು. ಡೆಬಿಯನ್ ಇನ್‌ಸ್ಟಾಲರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಹೊಸದಾಗಿ ಹಾಕಿಕೊಳ್ಳುವವನು ಕನ್ನಡದಲ್ಲೇ ಮುಂದುವರಿಯಬಹುದು. ಮೇಲಿನ ಪ್ರಶ್ನೆ ಕೇಳುವ ‘ಡಿಪಿಕೆಜಿ’ ತಂತ್ರಾಂಶದ ಅನುವಾದಗಳಲ್ಲಿ ಮರಾಠಿಯಿದೆ, ನೇಪಾಳಿಯಿದೆ, ಕನ್ನಡವಿಲ್ಲ. ಡೊಂಬಿವಲಿಯ ನನ್ನ ಮರಾಠಿ ನೆರೆಯವರಿಗೆ ಇರುವ ಒಂದಿಷ್ಟು ಆಸರೆಯೂ ನನಗಿಲ್ಲ. ಬಂದವರನ್ನು ಕನ್ನಡದಲ್ಲಿ ಬರಮಾಡಿಕೊಂಡು, ಹತ್ತು ವರ್ಷ ಇದ್ದವರಿಗೆ ತೀರ ಇಕ್ಕಟ್ಟಿನ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುವುದು ಸರಿಯಲ್ಲ. ಇಡೀ ಲಿನಕ್ಸ್ ಲೋಕದ ಗಮನ ಹೊಸಬರ ಮೇಲಿದೆ, ನೆಲೆಸಿದವರ ಮೇಲಿಲ್ಲ ಎಂಬುದು ನನ್ನ ಮುಖ್ಯ ತಕರಾರು.

ಮುಂಬಯಿ ಸೀಮೆಗೆ ಲಿನಕ್ಸಿನ ಭಾಷೆಯ ಕೆಲಸ ಹೊರಗಿನ ವಿಷಯವೂ ಅಲ್ಲ. ಲಿನಕ್ಸಿನ ಪರದೆಯಲ್ಲಿ ಭಾರತೀಯ ಲಿಪಿಗಳು ಮೂಡುವಂತೆ ಮಾಡಲು ಹೊರಟ ‘ಇಂಡಿಕ್ಸ್’ ಯೋಜನೆ ಎನ್‌ಸಿಎಸ್‌ಟಿಯದು. ಜುಹುವಿನ ಆ ಸಂಸ್ಥೆ ಮುಂದೆ ಸಿ-ಡ್ಯಾಕ್ ಸೇರಿತು, ಈಗ ಖಾರ್‌ಘರ್‌ನಲ್ಲೂ ಅದರ ನೆಲೆಯಿದೆ. ಪೊವಾಯಿಯ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಕನ್ನಡ ದನಿಯಲ್ಲೂ ಸಿಗುತ್ತವೆ.

ಕೀಲಿಮಣೆಯ ಕಥೆಯೂ ಮುಂಬಯಿಗೆ ಅಂಟಿಕೊಂಡದ್ದೇ. ಮುಂಬಯಿಯ ಮುದ್ರಣ ಲೋಕದಲ್ಲಿ ದುಡಿದ ಕೆ. ಪಿ. ರಾವ್ ಅವರ ವಿನ್ಯಾಸವೇ ‘ನುಡಿ’ ತಂತ್ರಾಂಶದ ಮೂಲಕ ಕನ್ನಡಿಗರ ಬೆರಳಿಗೆ ಅಂಟಿತು. ಲಿನಕ್ಸಿನಲ್ಲಿ ಅದು ಎರಡು ಬಗೆಯಲ್ಲಿ ಸಿಗುತ್ತದೆ. ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆ ಎಂ17ಎನ್ ಪ್ಯಾಕೇಜು ಹಾಕಿಕೊಳ್ಳುವುದು ಒಂದು. ವ್ಯವಸ್ಥೆಯ ಕೀಲಿಮಣೆ ಪಟ್ಟಿಯಲ್ಲೇ ಇರುವ ‘ಕನ್ನಡ, ಕಗಪ’ವನ್ನು ಆರಿಸಿಕೊಳ್ಳುವುದು ಇನ್ನೊಂದು. ಎರಡನೆಯದನ್ನೇ ನಾನು ಎಲ್ಲರಿಗೂ ಹೇಳುವುದು. ಅದು ಬುನಾದಿಯ ಭಾಗವಾದ್ದರಿಂದ ಅಪ್‌ಗ್ರೇಡಿನಲ್ಲಿ ಪ್ರತ್ಯೇಕವಾಗಿ ಕಾಪಾಡಿಕೊಳ್ಳುವ ಪ್ರಮೇಯವಿಲ್ಲ. ಇನ್ನೊಂದು ಲಾಭವೂ ಉಂಟು: ಅದೇ ಪಟ್ಟಿಯಲ್ಲಿ ಮರಾಠಿ ಮತ್ತು ಹಿಂದಿಗೂ ಕಗಪ ಇದೆ. ಸೊಸೈಟಿಯ ನೋಟೀಸು ಮರಾಠಿಯಲ್ಲಿ, ಸಂಘದ ವರದಿ ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಬೆರಳಿನ ಅಭ್ಯಾಸ ಒಂದೇ ಸಾಕು.

ಹೊರಗಿನ ಭಂಡಾರಗಳಿಂದ ತಂದುಕೊಂಡ ತಂತ್ರಾಂಶದ ಗತಿ ಬೇರೆ. ಉಬುಂಟು ಅಪ್‌ಗ್ರೇಡ್ ಅಂಥ ಪಿಪಿಎಗಳನ್ನು ನಿಷ್ಕ್ರಿಯಗೊಳಿಸಿ ಮುಂದುವರಿಯುತ್ತದೆ. ಅದು ಸರಿಯೇ. ಆದರೆ ಎಲ್ಲ ಮುಗಿದು ಯಂತ್ರ ಮತ್ತೆ ಎದ್ದಾಗ, ಇಂತಿಂಥವನ್ನು ನಿಲ್ಲಿಸಿದ್ದೆ, ಮತ್ತೆ ಬೇಕೇ ಎಂದು ಕೇಳುವ ಸೌಜನ್ಯ ಅದಕ್ಕಿಲ್ಲ. ತಿಂಗಳುಗಳ ಮೇಲೆ ಯಾವುದೋ ತಂತ್ರಾಂಶಕ್ಕೆ ಹೊಸ ಪರಿಷ್ಕರಣೆ ಬರುತ್ತಲೇ ಇಲ್ಲವೆಂದು ನಾವೇ ಕಂಡುಕೊಳ್ಳಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಅಪ್‌ಗ್ರೇಡಿನ ನಡುವೆ ಹೋದರೆ ‘ಡಿಪಿಕೆಜಿ’ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಲು ಒಂದು ಆದೇಶವಿದೆ, ಹೆಚ್ಚಿನ ಸಲ ಅದು ಕೆಲಸ ಮಾಡುತ್ತದೆ. ಮಾಡದಿದ್ದಾಗ ಹಿಂದಿನ ಸ್ಥಿತಿಗೆ ಮರಳುವ ದಾರಿ ಉಬುಂಟುವಿನ ಮಾಮೂಲಿ ಹೊಂದಾಣಿಕೆಯಲ್ಲಿ ಇಲ್ಲ. ಲಿನಕ್ಸ್ ಮಿಂಟ್ ಇಲ್ಲಿ ಮುಂದಿದೆ. ಅದರ ಅಪ್‌ಗ್ರೇಡ್ ಸಾಧನ, ‘ಟೈಮ್‌ಶಿಫ್ಟ್’ನಲ್ಲಿ ಇಡೀ ವ್ಯವಸ್ಥೆಯ ಪ್ರತಿ ಇದೆಯೇ ಎಂದು ಮೊದಲು ನೋಡುತ್ತದೆ, ಇಲ್ಲದಿದ್ದರೆ ತೆಗೆದುಕೊಳ್ಳಿ ಎಂದು ನಿಲ್ಲಿಸುತ್ತದೆ. ಉಬುಂಟುವನ್ನೇ ಬುಡವಾಗಿಟ್ಟುಕೊಂಡ, ಅದಕ್ಕಿಂತ ಎಷ್ಟೋ ಚಿಕ್ಕ ತಂಡಕ್ಕೆ ಹೊಳೆದದ್ದು ದೊಡ್ಡವರಿಗೆ ಇನ್ನೂ ಹೊಳೆಯದಿರುವುದಕ್ಕೆ ನನಗೆ ಸಮರ್ಥನೆ ಕಾಣುತ್ತಿಲ್ಲ.

ಕಾಸರಗೋಡಿನ ಕನ್ನಡ ಶಾಲೆಗಳನ್ನು ಎತ್ತಿ ತೋರಿಸಿ, ಫಾರ್ಮ್ಯಾಟೇ ಮೇಲು ಎನ್ನುವವರುಂಟು. ಕೇರಳದ ಐಟಿ@ಸ್ಕೂಲ್, 2017ರಿಂದ ‘ಕೈಟ್’ ಆದ ಸಂಸ್ಥೆ, ಉಬುಂಟುವಿನ ಎಲ್‌ಟಿಎಸ್ ತೆಗೆದುಕೊಂಡು ಪಾಠಕ್ಕೆ ಬೇಕಾದುದನ್ನೆಲ್ಲ ಸೇರಿಸಿ, ಹೊಸದಾಗಿ ಹಾಕಿಕೊಳ್ಳುವ ಸಿದ್ಧ ಪ್ರತಿಯನ್ನು ಶಾಲೆಗಳಿಗೆ ಕೊಡುತ್ತದೆ. ಅಲ್ಲಿ ಐಸಿಟಿ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಮೆಚ್ಚಬೇಕಾದ ಕೆಲಸ. ಆದರೆ ಶಾಲೆಯ ಯಂತ್ರಗಳೆಲ್ಲ ಒಂದೇ ಥರ ಇರಬೇಕು, ಮನೆಯ ಯಂತ್ರ ಆ ಮನೆಯವರ ಥರ ಇರಬೇಕು. ಅಲ್ಲಿಯ ಕ್ರಮವನ್ನು ಇಲ್ಲಿಗೆ ತರಲಾಗದು.

ಉಬುಂಟು 22.04ರಲ್ಲಿ ಇರುವವರಿಗೆ ಅವಸರವೇನಿಲ್ಲ, 2027ರವರೆಗೆ ಅದಕ್ಕೆ ಭದ್ರತಾ ಪರಿಷ್ಕರಣೆ ಬರುತ್ತದೆ. ಏರುವ ಮುಂಚೆ ಮಿಂಟ್‌ನಂತೆ ಟೈಮ್‌ಶಿಫ್ಟ್ ಪ್ರತಿ ತೆಗೆಯಿರಿ, ಪಿಪಿಎಗಳ ಹೆಸರು ಕಾಗದದ ಮೇಲೆ ಬರೆದಿಡಿ, ಹಳೆಯ ನುಡಿ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳಿ. ಡಿಪಿಕೆಜಿಯ ಆ ಪ್ರಶ್ನೆಯ ಮಟ್ಟಿಗೆ ಹೇಳುವುದಾದರೆ, ವೈಯಿಂದ ಝಡ್‌ವರೆಗಿನ ಸಾಲುಗಳು ಬೆರಳೆಣಿಕೆಯಷ್ಟು. ಥಾಣೆ, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಸಂಘಗಳಲ್ಲಿ ಕಂಪ್ಯೂಟರ್ ಓದಿದ ಹುಡುಗ ಹುಡುಗಿಯರಿಗೆ ಬರವಿಲ್ಲ. ಅನುವಾದದ ಫೈಲು ತೆರೆದು ಅವರು ಆ ಸಾಲುಗಳಿಂದಲೇ ಶುರುಮಾಡಬಹುದು.