ಪೀಡೆ ಯಾರಿಗೆ?

ಇಂಗ್ಲಿಷಿನಲ್ಲಿ 'ಇಂಪಾರ್ಚುನೇಟ್' ಅಂತ ಒಂದು ಪದ ಇದೆ. ಬಿಡದೆ ಕೇಳಿ ಕೇಳಿ ಪೀಡಿಸುವವರು ಅಂತ ಅರ್ಥ. ಕೇಳುವವರಿಗೆ ಅದು ಹಸಿವು, ನ್ಯಾಯ; ಕೊಡಬೇಕಾದವನಿಗಷ್ಟೇ ಪೀಡೆ. ಅಂದಮೇಲೆ ಈ ಅರ್ಥ ಕಟ್ಟಿದವನು ಜಗಲಿ ಮೇಲೆ ಕೂತವನೇ ಹೊರತು ಅಂಗಳದಲ್ಲಿ ನಿಂತವನಲ್ಲ.

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಒಬ್ಬ ವಿಧವೆ ನ್ಯಾಯ ಕೊಡಿಸು ಅಂತ ನ್ಯಾಯಾಧಿಪತಿಯ ಬಳಿ ಮತ್ತೆ ಮತ್ತೆ ಹೋಗುತ್ತಾಳೆ. ದೇವರಿಗೂ ಹೆದರದ ಆ ಮನುಷ್ಯ ಕೊನೆಗೆ ಅವಳ ಕಾಟ ತಾಳದೆ ಒಪ್ಪುತ್ತಾನೆ. ಇಂಗ್ಲಿಷ್ ವ್ಯಾಖ್ಯಾನಕಾರರು ಅವನನ್ನು ಅನ್ಯಾಯಗಾರ ಅಂದದ್ದು ನಿಜ. ಆದರೆ ಅವಳನ್ನು ನ್ಯಾಯವಂತೆ ಅನ್ನಲಿಲ್ಲ, 'ಇಂಪಾರ್ಚುನೇಟ್' ಅಂದರು!

ನಮ್ಮ ನೆಲದ್ದೇ ಕತೆ ನೋಡಿ. ಸಾರ್ವಜನಿಕ ಕೆರೆ ಬಾವಿ ಅಸ್ಪೃಶ್ಯರಿಗೂ ಸೇರಿದ್ದು ಅಂತ ಮುಂಬಯಿ ಶಾಸನಸಭೆ ಠರಾವು ಮಾಡಿದ್ದು 1923ರಲ್ಲಿ. ಮಹಾಡಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರರು ತಮ್ಮವರೊಂದಿಗೆ ಕುಡಿದದ್ದು 1927ರ ಮಾರ್ಚ್ 20ರಂದು. ಆ ಹಕ್ಕನ್ನು ಮುಂಬಯಿ ಹೈಕೋರ್ಟು ಎತ್ತಿಹಿಡಿದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ 14 ವರ್ಷ! ಕೇಳಿದ್ದು ಪೀಡೆಯೋ, ತಡೆದದ್ದು ಪೀಡೆಯೋ?

ಕನ್ನಡವೂ ಸಾಚಾ ಅಲ್ಲ. ಅಂಗಲಾಚು, ಗೋಗರೆ, ಕಾಡಿಬೇಡು—ಇವೆಲ್ಲ ಕೇಳುವವನ ಬೆನ್ನು ಬಗ್ಗಿಸುವ ಮಾತುಗಳೇ. 'ಹಕ್ಕೊತ್ತಾಯ' ಅಂದಾಗ ಅವನು ನೆಟ್ಟಗೆ ನಿಲ್ಲುತ್ತಾನೆ.

ಮೇಷ್ಟ್ರೇ, ಈ ಇಂಗ್ಲಿಷ್ ಪದವನ್ನು ಬೋರ್ಡಿನ ಮೇಲೆ ಬರೆದಾಗ ಅರ್ಥದ ಪಕ್ಕದಲ್ಲಿ 'ಪೀಡೆ ಯಾರಿಗೆ?' ಅಂತಲೂ ಬರೆಯಿರಿ. ಉತ್ತರ ಹುಡುಗರೇ ಹೇಳಲಿ.